ಸತ್ತ ಮಣ್ಣು ಅಂದವರಿಗೆ



ನಮ್ಮಪ್ಪನಿಗೆ ಮಂಜೂರಾಗಿದ್ದು ಗುಡ್ಡದ ಓರೆಯ ಎರಡೆಕರೆ. ಕೆರೆ ಕೆಳಗಿನ ಗದ್ದೆ ನಮ್ಮೋರಿಗೆ ಯಾವತ್ತು ಸಿಕ್ಕಿದೆ ಹೇಳಿ? 'ಸತ್ತ ಮಣ್ಣು ಕಣೋ, ಕೊಟ್ಟುಬಿಡು' ಅಂತ ಊರಿನ ದೊಡ್ಡೋರು ಕೇಳ್ತಾನೇ ಇದ್ರು. 1978ರ ಪಿಟಿಸಿಎಲ್ ಕಾಯ್ದೆ ಇತ್ತು, ಜಮೀನು ಉಳೀತು. ಆದ್ರೆ ಕಾಯ್ದೆ ಜಮೀನು ಉಳಿಸುತ್ತೆ, ಬೆಳೆ ಕೊಡಲ್ಲ.

ಮೂರು ವರ್ಷದ ಹಿಂದೆ ರಾಗಿ ಬೀಜಕ್ಕೆ ಅಜೋಸ್ಪಿರಿಲಮ್, ಅಕ್ಕಡಿ ಸಾಲಿನ ಅವರೆಗೆ ರೈಜೋಬಿಯಂ ಹಚ್ಚಿ ಬಿತ್ತಿದೆ. ಜೊತೆಗೆ ರಂಜಕ ಕರಗಿಸುವ ಬ್ಯಾಕ್ಟೀರಿಯಾ. ಬೆಲ್ಲದ ಪಾಕ ಆರಿಸಿ, ಬೀಜಕ್ಕೆ ಸವರಿ, ಪುಡಿ ಕಲಸಿ, ನೆರಳಲ್ಲಿ ಒಣಗಿಸಿ ಅವತ್ತೇ ಬಿತ್ತಬೇಕು. ಬಿಸಿಲಿಗಿಟ್ರೆ ಬ್ಯಾಕ್ಟೀರಿಯಾ ಸಾಯುತ್ತೆ. 'ಟೀಗೇ ಬೆಲ್ಲ ಇಲ್ಲ, ಬೀಜಕ್ಕೆ ಬಳಿತಾನೆ' ಅಂತ ಅವ್ವ ಬೈದಳು.

ಒಂದೂವರೆ ತಿಂಗಳಿಗೆ ಅವರೆ ಗಿಡ ಕಿತ್ತು ತೋರಿಸಿದೆ. ಬೇರಿನ ತುಂಬಾ ಗಂಟು. ಉಗುರಲ್ಲಿ ಸೀಳಿದ್ರೆ ಒಳಗೆ ಗುಲಾಬಿ ಬಣ್ಣ. ಅಂದ್ರೆ ಬ್ಯಾಕ್ಟೀರಿಯಾ ಬದುಕಿದೆ, ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡ್ತಿದೆ. ಗಾಳಿಯಲ್ಲಿ 78 ಭಾಗ ಸಾರಜನಕವೇ. ಅದಕ್ಕೆ ಯಾರೂ ಬೇಲಿ ಹಾಕಿಲ್ಲ.

ಆದ್ರೆ ನಿಜ ಹೇಳಬೇಕು. ಮೊದಲ ವರ್ಷ ರಾಗಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮಣ್ಣಲ್ಲಿ ಕೊಳೆತ ಸೊಪ್ಪು ಸೆಗಣಿ ಇಲ್ಲದಿದ್ರೆ ಬ್ಯಾಕ್ಟೀರಿಯಾ ತಿನ್ನೋದಾದ್ರೂ ಏನು? ಗೊಬ್ಬರಕ್ಕೆ ದನ ಬೇಕು, ನಮ್ಮನೇಲಿ ದನ ಇಲ್ಲ. ಜೀವಮಾನವೆಲ್ಲ ಬೇರೆಯವರ ಕೊಟ್ಟಿಗೆ ಬಾಚಿ, ಅವರ ಹೊಲಕ್ಕೆ ಗೊಬ್ಬರ ಹೊತ್ತವಳು ನಮ್ಮವ್ವ. ನಮ್ಮ ಹೊಲಕ್ಕೆ ಒಂದು ಮಂಕರಿ ಬಿದ್ದಿರಲಿಲ್ಲ. ಆ ವರ್ಷ ಅವಳೇ ಹೋಗಿ, 'ಕೂಲಿ ಜೊತೆ ಗೊಬ್ಬರಾನೂ ಕೊಡಿ' ಅಂತ ಕೇಳಿದಳು. ಕೊಟ್ಟರು. ಹೊಂಗೆ ಸೊಪ್ಪನ್ನೂ ಸೇರಿಸಿದ್ವಿ. ಮರುವರ್ಷ ರಾಗಿ ತೆಂಡೆ ಒಡೆದಿದ್ದು ನೋಡಿ ದಾರಿಹೋಕರೇ ನಿಂತು ಕೇಳಿದ್ರು.

ಇದನ್ನ ಯಾಕೆ ಬರೀತಿದ್ದೀನಿ ಅಂದ್ರೆ, ಜೈವಿಕ ಗೊಬ್ಬರದ ಪ್ಯಾಕೆಟ್ ದುಬಾರಿ ಅಲ್ಲ. ಅದು ನಮ್ಮ ಕೇರಿವರೆಗೆ ಬರೋದೇ ಕಷ್ಟ. ಸಬ್ಸಿಡಿಗೆ ಪಹಣಿ ಬೇಕು, ಎಷ್ಟೋ ಮನೆಗಳ ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇದೆ. ಭೂಮಿ ಹೋರಾಟ ಮಾಡೋ ಗೆಳೆಯರೇ, ಹಕ್ಕುಪತ್ರ ಸಿಕ್ಕ ದಿನ ಹೋರಾಟ ಮುಗಿಯಲ್ಲ. ಪೌತಿ ಖಾತೆ ಮಾಡಿಸಿ. ಅವಧಿ ಮುಗಿಯದ ಪ್ಯಾಕೆಟ್ ಕೇಳಿ ಪಡೀರಿ. ಹಟ್ಟಿಗೊಂದು ಗೊಬ್ಬರದ ಗುಂಡಿ ತೋಡಿ.

ಮಣ್ಣು ಸತ್ತಿರಲಿಲ್ಲ, ಹಸಿದಿತ್ತು ಅಷ್ಟೇ.