ಮೀನಿನ ತೊಟ್ಟಿಗೆ ಲೋಳೆ ಪಾಚಿ

ತುಮಕೂರೆಲ್ಲಿ, ಕಡಲೆಲ್ಲಿ! ಆದರೂ ನಮ್ಮ ನಡುಮನೆಯ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರಿನ ಮೀನುಗಳಿವೆ. ಮಗಳಿಗೆ ಅವೆಂದರೆ ಪ್ರಾಣ. ಕಳೆದ ಬೇಸಿಗೆಯಲ್ಲಿ ಮರಳಿನ ಮೇಲೆಲ್ಲ ಕೆಂಪು ಲೋಳೆ ಹರಡಿ, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಉಜ್ಜಿ ತೆಗೆದರೂ ಎರಡೇ ದಿನಕ್ಕೆ ಮತ್ತೆ ಹಾಜರ್.

ಗುಬ್ಬಿಯಿಂದ ಬಂದಿದ್ದ ಅತ್ತೆ, "ಹೊಲದ ಗೊಬ್ಬರ ಕೆರೆಗಿಳಿದ್ರೆ ಪಾಚಿ ಕಟ್ಟಲ್ವೇನಮ್ಮಾ? ಇದಕ್ಕೂ ಯಾವುದೋ ಗೊಬ್ಬರ ಸಿಗ್ತಿದೆ" ಅಂದರು. ನಿಜವೇ! ಹೆಸರಿಗೆ ಪಾಚಿಯಾದರೂ ಇದು ಬ್ಯಾಕ್ಟೀರಿಯ. ಕೊಳೆತ ಆಹಾರವೇ ಅದರ ಗೊಬ್ಬರ. ರಜೆಗೆ ಕುಣಿಗಲ್ಲಿನಿಂದ ಬಂದ ಮಕ್ಕಳೆಲ್ಲ ಮೀನಿಗೆಂದು ಹಿಡಿ ಹಿಡಿ ಸುರಿದಿದ್ದರು.

ಈಗ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ರಬ್ಬರ್ ಕೊಳವೆಯಿಂದ ಲೋಳೆ ಹೀರಿ ತೆಗೆದಷ್ಟೂ ಹೊಸ ನೀರು. ಅದಕ್ಕೆ ಲೀಟರಿಗೆ ಸುಮಾರು 35 ಗ್ರಾಂ ಕಡಲ ಮೀನಿನ ತೊಟ್ಟಿಗೆಂದೇ ಮಾಡಿದ ಉಪ್ಪಿನ ಮಿಶ್ರಣ (ಮರೀನ್ ಸಾಲ್ಟ್). ಅಡಿಗೆ ಉಪ್ಪು ಬೇಡಿ! ದೀಪ ಕಡಿಮೆ, ನೀರಿನ ಓಡಾಟ ಹೆಚ್ಚು. ಮೂರು ವಾರಕ್ಕೆ ಮರಳು ಬೆಳ್ಳಗಾಯಿತು. ಮಗಳ ಮುಖವೂ ಅರಳಿತು.