ನೀರು ಎಲ್ಲಿಂದ ಬರ್ತದೆ ಕೇಳು

ಅಪ್ಪನನ್ನು ಬಾಲಿಗೆ ಕರ್ಕೊಂಡು ಹೋಗಿದ್ದರ ಹಿಂದೆ ನನ್ನದೊಂದು ಸ್ವಾರ್ಥ ಇತ್ತು. ಫೋಟೋ ನೋಡಿ ‘ಮಗ ಅಂದ್ರೆ ಹಿಂಗಿರಬೇಕು’ ಅಂತ ಕಮೆಂಟ್ ಹಾಕಿದವರಿಗೆಲ್ಲ ಆಗ ಹೇಳಿರಲಿಲ್ಲ. ಈಗ ಹೇಳ್ತಿದ್ದೇನೆ.

ತೀರ್ಥಹಳ್ಳಿಯಿಂದ ಒಳಗೆ ನಮ್ಮೂರು. ಮನೆ ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಎರಡೂಕಾಲು ಎಕರೆ ಗದ್ದೆ. ಸುತ್ತಮುತ್ತ ಬಹಳಷ್ಟು ಜನ ಗದ್ದೆಗೇ ಅಡಿಕೆ ಸಸಿ ಇಟ್ಟಾಯ್ತು, ಕೆಲವರು ಶುಂಠಿಯವರಿಗೆ ಲೀಸ್ ಕೊಟ್ಟಾಯ್ತು. ಭತ್ತ ಅಂತ ಉಳಿದವರು ಅಪ್ಪ ಮತ್ತು ನಮ್ಮ ಗದ್ದೆಯ ಕೆಳಗಿನ ಎರಡು ಮನೆಯವರು. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಅಪ್ಪನ ಭತ್ತ ಲಾಸು. ಕೂಲಿಯೇ ತಿಂದು ಹಾಕುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ವರ್ಷದಿಂದ ಒಂದು ಎಕ್ಸೆಲ್ ಶೀಟ್ ಇತ್ತು: ಆರು ಕಾಟೇಜ್, ಒಂದು ಈಜುಕೊಳ, ನಲವತ್ತು ಪರ್ಸೆಂಟ್ ಭರ್ತಿಯಾದರೂ ಆರು ವರ್ಷಕ್ಕೆ ಹಾಕಿದ ದುಡ್ಡು ವಾಪಸ್. ಕಾಟೇಜಿಗೆ ‘ಪ್ಯಾಡಿ ವ್ಯೂ’ ಅಂತ ಹೆಸರು ಬೇರೆ ಇಟ್ಟಿದ್ದೆ. ಪ್ಯಾಡಿ ತೆಗೆದ ಮೇಲೆ ವ್ಯೂ ಯಾವುದು ಅಂತ ನನ್ನ ಹೆಂಡತಿ ಒಮ್ಮೆ ಕೇಳಿದ್ದಳು. ಕೆಳಗಿನವರ ಗದ್ದೆ ಇದೆಯಲ್ಲ ಅಂದಿದ್ದೆ.

ಅಪ್ಪನಿಗೆ ಬಾಯಲ್ಲಿ ಹೇಳಿದರೆ ಆಗೋ ಕೆಲಸ ಅಲ್ಲ ಇದು. ಒಂದ್ಸಲ ಬಾಲಿ ತೋರಿಸಿಬಿಟ್ಟರೆ, ಗದ್ದೆ ಅನ್ನೋದರಿಂದ ಜನ ಎಷ್ಟು ದುಡ್ಡು ಮಾಡ್ತಾರೆ ಅಂತ ಕಣ್ಣಾರೆ ನೋಡಿದರೆ, ಒಪ್ಪಬಹುದು ಅಂತ ನನ್ನ ಪ್ಲಾನು. 2025ರ ಮೇ ತಿಂಗಳಲ್ಲಿ ಹೊರಟೆವು. ಅಮ್ಮ ‘ದನ ಕರೆಯೋರು ಯಾರು’ ಅಂತ ಬರಲಿಲ್ಲ.

ಈಗ ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಇರೋದರಿಂದ ಅರ್ಧ ವಿಮಾನ ಕನ್ನಡವೇ ಮಾತಾಡ್ತಿತ್ತು. ಆಸ್ಟ್ರೇಲಿಯಾದವರನ್ನು ಬಿಟ್ಟರೆ ಅಲ್ಲಿಗೆ ಅತಿ ಹೆಚ್ಚು ಹೋಗೋದು ಈಗ ನಾವೇ, ಭಾರತೀಯರು. ಕೊಡಗಿನ ಒಂದೂವರೆ ಪಟ್ಟಿನಷ್ಟು ಇರುವ ದ್ವೀಪ ಅದು. ಅಲ್ಲಿಗೆ 2024ರಲ್ಲಿ ಬಂದಿಳಿದ ವಿದೇಶಿಯರು 60 ಲಕ್ಷಕ್ಕೂ ಹೆಚ್ಚು. ಕೊರೊನಾ ಕಾಲದಲ್ಲಿ, 2021ರ ಇಡೀ ವರ್ಷಕ್ಕೆ, ಈ ಸಂಖ್ಯೆ ನೂರನ್ನೂ ಮುಟ್ಟಿರಲಿಲ್ಲ. ಲಕ್ಷ ಅಲ್ಲ, ಬರೀ ನೂರು. ಒಂದು ಸರ್ವರ್ ಮೇಲೆ ಊರಿಗೆ ಊರೇ ನಿಂತಿದ್ದು ಅದು ಡೌನ್ ಆದ ಹಾಗೆ. ಇಳಿದ ಮೇಲೆ ವೀಸಾಕ್ಕೆ ಐದು ಲಕ್ಷ ರುಪಿಯಾ, 2024ರಿಂದ ಶುರುವಾದ ಪ್ರವಾಸಿ ಸುಂಕ ಒಂದೂವರೆ ಲಕ್ಷ. ಲಕ್ಷದ ಮಾತು ಕೇಳಿ ಅಪ್ಪ ಬೆವತರು. ಸುಂಕ ನಮ್ಮ ಎಂಟುನೂರು ರೂಪಾಯಿ ಅಷ್ಟೇ ಅಂದ ಮೇಲೆ ಸಮಾಧಾನ.

ನಮ್ಮ ಕಾರಿನ ಡ್ರೈವರ್ ಅಪ್ಪನಿಗೆ ಮೊದಲ ದಿನವೇ ಹಿಡಿಸಿದರು. ಬಾಲಿಯ ಸಾಮಾನ್ಯ ಜನರಲ್ಲಿ ಹೆಸರು ಹುಟ್ಟಿದ ಕ್ರಮದಲ್ಲಿ ಇಡ್ತಾರೆ. ಮೊದಲನೆಯದು ವಯಾನ್, ಆಮೇಲೆ ಮಾದೆ, ನ್ಯೋಮನ್, ಕೆತುತ್. ಐದನೆಯದು ಹುಟ್ಟಿದರೆ ಮತ್ತೆ ವಯಾನ್. ಪಕ್ಕಾ ಮಾಡ್ಯುಲೋ ನಾಲ್ಕು! ನಮ್ಮ ಡ್ರೈವರದ್ದೂ ಈ ನಾಲ್ಕರಲ್ಲಿ ಒಂದು. ‘ಲೆಕ್ಕ ಸುಲಭ ಆಯ್ತಲ್ಲ’ ಅಂತ ಅಪ್ಪ ಮೆಚ್ಚಿಕೊಂಡರು.

ನಾವಿದ್ದ ಚಂಗು ಅನ್ನೋ ಊರು ಲ್ಯಾಪ್‌ಟಾಪ್ ಹಿಡಿದ ನಮ್ಮಂಥವರ ರಾಜಧಾನಿ. ಒಂದು ಕಾಲಕ್ಕೆ ಸಮುದ್ರದವರೆಗೂ ಬರೀ ಗದ್ದೆ. ಈಗ ವಿಲ್ಲಾ, ಜಿಮ್ಮು, ಕಾಫಿ ಶಾಪು, ನಡುನಡುವೆ ತೇಪೆ ಹಾಕಿದ ಹಾಗೆ ಗದ್ದೆಯ ತುಂಡು. ರಸ್ತೆ ಅಂದರೆ ಹಳೆಯ ಗದ್ದೆಯಂಚಿನ ದಾರಿಗೇ ಕಾಂಕ್ರೀಟು ಸುರಿದಿದ್ದು. ಎದುರಿಗೆ ಕಾರು ಬಂದು ಸ್ಕೂಟರಿನವರು ಸೀದಾ ಕೆಸರಿಗೆ ಬೀಳೋದು ಅಲ್ಲಿ ದಿನಾ ನೋಡುವ ತಮಾಷೆ. ಬೆಳ್ಳಂದೂರು ಸಿಗ್ನಲ್ಲಿನಲ್ಲಿ ನಿಂತಷ್ಟೇ ಹೊತ್ತು ನಿಂತೆವು. ಇದರ ಬಗ್ಗೆ ಹೆಚ್ಚು ಬರೆಯೋದಿಲ್ಲ, ನಿಮಗೆ ಗೊತ್ತಿರೋದೇ.

ಮರುದಿನ ಉಬುದ್ ಹತ್ತಿರದ ತೆಗಲ್ಲಾಲಂಗ್. ಇನ್‌ಸ್ಟಾಗ್ರಾಂನಲ್ಲಿ ಉದ್ದ ಕೆಂಪು ಗೌನ್ ಹಾಕ್ಕೊಂಡ ಹುಡುಗಿ ಗದ್ದೆಯ ಮೇಲೆ ಜೋಕಾಲಿ ಆಡೋ ಫೋಟೋ ನೋಡಿದ್ದೀರಲ್ಲ, ಆ ತರಹದ ಜಾಗ. ಗೌನು ಬಾಡಿಗೆಗೆ ಸಿಗ್ತದೆ. ಜೋಕಾಲಿಗೆ ಬೇರೆ, ಪಂಜರದಂಥ ಗೂಡಿನಲ್ಲಿ ಕೂತು ಫೋಟೋ ತೆಗೆಸಿಕೊಳ್ಳೋದಕ್ಕೆ ಬೇರೆ, ಗದ್ದೆ ಅಂಚಿನ ಮೇಲೆ ನಡೆದು ಹೋಗೋದಕ್ಕೆ ಅಲ್ಲಲ್ಲಿ ಹುಂಡಿ. ನಾನು ಅಪ್ಪನ ಮುಖ ನೋಡ್ತಿದ್ದೆ. ‘ನೋಡಿ, ಬರೀ ಗದ್ದೆ ತೋರಿಸಿ ಎಷ್ಟು ದುಡ್ಡು’ ಅಂದೆ. ಅಪ್ಪ ಬಗ್ಗಿ ಒಂದು ಬುಡ ಕಿತ್ತು ನೋಡಿ, ‘ಕಳೆ ತೆಗೆದಿಲ್ಲ ಮಾರಾಯ, ಇದು ತೋರಿಸ್ಲಿಕ್ಕೆ ಹಾಕಿದ ಗದ್ದೆ’ ಅಂದರು. ಆಮೇಲೆ, ‘ಟಿಕೆಟಿನಲ್ಲಿ ಗದ್ದೆಯವನಿಗೆ ಎಷ್ಟು ಹೋಗ್ತದೆ, ಕೇಳು’.

ಕೇಳಿದೆ. ಡ್ರೈವರ್ ನಕ್ಕು ಸುಮ್ಮನಾದರು. ಸ್ವಲ್ಪ ದೂರ ಹೋದ ಮೇಲೆ ತಾವೇ ಶುರು ಮಾಡಿದರು. ಅವರದ್ದೂ ಗದ್ದೆ ಇತ್ತಂತೆ. ಅಲ್ಲಿ ವಿದೇಶಿಯರು ಭೂಮಿ ಕೊಳ್ಳೋ ಹಾಗಿಲ್ಲ, ಲೀಸಿಗೆ ತಗೊಳ್ಳಬಹುದು. ಇವರ ಮನೆಯವರು 25 ವರ್ಷಕ್ಕೆ ಕೊಟ್ಟರು. ಬಂದ ದುಡ್ಡಿನಲ್ಲಿ ಮನೆ ರಿಪೇರಿ, ತಮ್ಮನ ಮದುವೆ, ಉಳಿದಿದ್ದರಲ್ಲಿ ಈ ಕಾರು. ‘ನೀವು ಕೂತಿರೋದು ನಮ್ಮ ಗದ್ದೆಯಲ್ಲೇ’ ಅಂದರು. ನಾನು ನಗುತ್ತ ಅಪ್ಪನಿಗೆ ಅನುವಾದ ಮಾಡಿದೆ. ಅಪ್ಪ ನಗಲಿಲ್ಲ. 25 ವರ್ಷ ಆದ ಮೇಲೆ ವಾಪಸ್ ಬಂದರೆ ನೆಟ್ಟಿ ಮಾಡಬಹುದಾ ಅಂತ ಕೇಳಿಸಿದರು. ಕಾಂಕ್ರೀಟ್ ಮೇಲೆ ಏನು ನೆಡೋದು ಅಂದರು ಡ್ರೈವರ್. ಅವರ ಗದ್ದೆಯ ಕೆಳಗೆ ದಾಯಾದಿಯೊಬ್ಬರ ಗದ್ದೆ ಇತ್ತಂತೆ. ಅವರಿಗೆ ಲೀಸಿಗೆ ಕೊಡೋ ಮನಸ್ಸಿರಲಿಲ್ಲ. ಮೇಲೆ ವಿಲ್ಲಾ ಎದ್ದು ಕಾಲುವೆ ಕಟ್ಟಾದ ಮೇಲೆ ಎರಡು ಬೆಳೆ ಒಣಗಿ, ಅವರೂ ಕೊಟ್ಟರು. ಈಗ ಆ ಮನೆಯವರು ಇವರ ಜೊತೆ ಮಾತಾಡೋದಿಲ್ಲ.

ಅಪ್ಪ ಆ ದಿನ ಹೆಚ್ಚು ಮಾತಾಡಲಿಲ್ಲ.

ಮೂರನೇ ದಿನ ಜತಿಲುವಿಹ್. ಬಾತುಕಾರು ಬೆಟ್ಟದ ಇಳಿಜಾರಿನಲ್ಲಿ ಕಣ್ಣು ಹರಿದಷ್ಟು ದೂರ ಮೆಟ್ಟಿಲು ಗದ್ದೆ. ಜೋಕಾಲಿ ಗದ್ದಲ ಇಲ್ಲ. ಇಲ್ಲಿ ಈಗಲೂ ವರ್ಷಕ್ಕೊಮ್ಮೆ ಊರಿನದೇ ಕೆಂಪಕ್ಕಿ ಭತ್ತ ಬೆಳೀತಾರೆ. ನಾವು ಹೋದಾಗ ಹಸಿರು ಹಳದಿಗೆ ತಿರುಗೋ ಹೊತ್ತು. ಅಪ್ಪ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಅಂಚಿನ ಮೇಲೆ ಹೊರಟೇಬಿಟ್ಟರು. ನಾವು ಎಳನೀರು ಕುಡಿದು ನೋಡೋ ಹೊತ್ತಿಗೆ ಅವರು ಕೆಳಗೆ ಯಾರೋ ಒಬ್ಬ ರೈತನ ಪಕ್ಕ ಕುಕ್ಕುರುಗಾಲಲ್ಲಿ ಕೂತಿದ್ದಾರೆ. ಇವರಿಗೆ ಕನ್ನಡ ಬಿಟ್ಟು ಬೇರೆ ಬರೋದಿಲ್ಲ, ಅವರಿಗೆ ಇಂಗ್ಲಿಷ್ ಬರೋದಿಲ್ಲ. ಆದರೂ ಅರ್ಧ ಗಂಟೆ ಮಾತಾಡಿದರು. ಜಿಗಿಹುಳ ಅನ್ನೋದಕ್ಕೆ ಅಪ್ಪ ಎರಡು ಬೆರಳು ಹಾರಿಸಿ ತೋರಿಸಿದರೆ ಆತ ಜೋರಾಗಿ ತಲೆ ಹಾಕಿದ. ಆಮೇಲೆ ನೀರು ಪಾಲು ಮಾಡುವ ಕಡೆ ಕರೆದುಕೊಂಡು ಹೋಗಿ ತೋರಿಸಿದ. ಪಕ್ಕದಲ್ಲೇ ಹೂವು ಇಟ್ಟ ಪುಟ್ಟ ಗುಡಿ. ಭತ್ತದ ದೇವತೆ ದೇವಿ ಶ್ರೀ. ‘ಶ್ರೀದೇವಿ ಅಂತೆ, ನಮ್ಮವಳೇ’ ಅಂತ ವಾಪಸ್ ಬಂದು ಹೇಳಿದರು. ಅಪ್ಪನನ್ನು ಅಷ್ಟು ಖುಷಿಯಲ್ಲಿ ನೋಡಿ ಎಷ್ಟು ವರ್ಷ ಆಗಿತ್ತೋ.

‘ಈ ನೀರು ಎಲ್ಲಿಂದ ಬರ್ತದೆ, ಯಾರು ಬಿಡ್ತಾರೆ ಕೇಳು. ಅವನು ಹೇಳಿದ್ದು ನಂಗೆ ಸರಿ ತಿಳೀಲಿಲ್ಲ’.

ಡ್ರೈವರ್ ಹೇಳಿದ್ದು ನನಗೂ ಪೂರ್ತಿ ತಿಳಿಯಲಿಲ್ಲ. ರಾತ್ರಿ ರೂಮಿಗೆ ಬಂದು ಓದಲಿಕ್ಕೆ ಕೂತವನು ಎರಡು ಗಂಟೆಯವರೆಗೂ ಎದ್ದಿದ್ದೆ. ಸುಬಕ್ ಅಂತ ಅದರ ಹೆಸರು. ಒಂದು ಕಾಲುವೆಯ ನೀರು ಕುಡಿಯುವ ಗದ್ದೆಯವರ ಸಂಘ. ಒಂಬತ್ತನೇ ಶತಮಾನದಿಂದ ನಡೆದುಕೊಂಡು ಬಂದಿದ್ದಂತೆ. ಯುನೆಸ್ಕೋ 2012ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದು ಬರೀ ಗದ್ದೆಯ ಚಂದವನ್ನಲ್ಲ, ಈ ವ್ಯವಸ್ಥೆಯನ್ನು. ಯಾರು ಯಾವಾಗ ನೀರು ಬಿಡಬೇಕು, ಯಾವಾಗ ಗದ್ದೆ ಖಾಲಿ ಬಿಡಬೇಕು ಅನ್ನೋದು ನೀರಿನ ದೇವಸ್ಥಾನಗಳಲ್ಲಿ ತೀರ್ಮಾನ ಆಗ್ತದೆ. ಎಲ್ಲಕ್ಕೂ ಮೇಲೆ ಬಾತುರ್ ಸರೋವರದ ದೇವಸ್ಥಾನ.

ಇದರಲ್ಲಿರೋ ಲೆಕ್ಕ ನೋಡಿ. ಎಲ್ಲರೂ ಒಟ್ಟಿಗೆ ನೆಟ್ಟು ಒಟ್ಟಿಗೆ ಕೊಯ್ದರೆ ಹುಳಕ್ಕೆ, ಇಲಿಗೆ ತಿನ್ನಲಿಕ್ಕೆ ಏನೂ ಇಲ್ಲದೆ ಸಾಯ್ತವೆ. ಆದರೆ ಎಲ್ಲರೂ ಒಟ್ಟಿಗೆ ನೆಟ್ಟರೆ ನೀರು ಸಾಲೋದಿಲ್ಲ. ಒಬ್ಬೊಬ್ಬರು ಒಂದೊಂದು ಸಲ ನೆಟ್ಟರೆ ನೀರು ಸಾಲ್ತದೆ, ಹುಳ ಗದ್ದೆಯಿಂದ ಗದ್ದೆಗೆ ಹಾರಿಕೊಂಡು ಬದುಕ್ತದೆ. ಮೇಲಿನವನ ಕೈಯಲ್ಲಿ ನೀರಿದೆ. ಕೆಳಗಿನವನ ಕೈಯಲ್ಲಿ ಹುಳ ಇದೆ. ಅದಕ್ಕೇ ಮೇಲಿನವನು ಕೆಳಗಿನವನಿಗೆ ನೀರು ಕೊಡ್ತಾನೆ.

1970ರ ದಶಕದಲ್ಲಿ ಹಸಿರು ಕ್ರಾಂತಿ ಬಂತು. ಹೊಸ ತಳಿ, ಗೊಬ್ಬರ, ಔಷಧಿ. ದೇವಸ್ಥಾನದ ವೇಳಾಪಟ್ಟಿ ಬಿಡಿ, ಆದಷ್ಟು ಸಲ ಬೆಳೀರಿ ಅಂತ ಸರ್ಕಾರ ಹೇಳಿತು. ಕೆಲವೇ ವರ್ಷದಲ್ಲಿ ನೀರಿಗೆ ಜಗಳ, ಗದ್ದೆ ತುಂಬ ಕಂದು ಜಿಗಿಹುಳ. ಆಮೇಲೆ ಸ್ಟೀಫನ್ ಲ್ಯಾನ್ಸಿಂಗ್ ಅನ್ನೋ ಮಾನವಶಾಸ್ತ್ರಜ್ಞ ಜೇಮ್ಸ್ ಕ್ರೆಮರ್ ಅನ್ನೋ ಪರಿಸರ ವಿಜ್ಞಾನಿಯ ಜೊತೆ ಕೂತು, ಎರಡು ನದಿಗಳ 172 ಸುಬಕ್‌ಗಳನ್ನು ಕಂಪ್ಯೂಟರಿನಲ್ಲಿ ಮಾಡೆಲ್ ಮಾಡಿದರು. ಒಬ್ಬೊಬ್ಬರೇ ನಿರ್ಧಾರ ಮಾಡಿದರೆ ಎಷ್ಟು ಬೆಳೆ, ಎಲ್ಲರೂ ಒಂದೇ ದಿನ ನೆಟ್ಟರೆ ಎಷ್ಟು, ಹೀಗೆ ಬೇರೆ ಬೇರೆ ಥರ ಓಡಿಸಿ ನೋಡಿದರು. ಹೆಚ್ಚು ಬೆಳೆ ಬಂದಿದ್ದು ನೀರಿನ ದೇವಸ್ಥಾನಗಳ ವ್ಯವಸ್ಥೆಯ ಮಟ್ಟದಲ್ಲಿ ಹೊಂದಿಸಿಕೊಂಡಾಗ. ಲ್ಯಾನ್ಸಿಂಗ್ 1991ರಲ್ಲಿ ಬರೆದ ಪುಸ್ತಕದ ಹೆಸರೇ ‘ಪ್ರೀಸ್ಟ್ಸ್ ಅಂಡ್ ಪ್ರೋಗ್ರಾಮರ್ಸ್’. ಹತ್ತು ವರ್ಷದಿಂದ ಶೆಡ್ಯೂಲರ್ ಕೋಡ್ ಬರೆದು ಸಂಬಳ ತಗೊಳ್ಳೋ ನನಗೆ ಈ ಸಂಗತಿಯೇ ಗೊತ್ತಿರಲಿಲ್ಲ. ನಮ್ಮೂರಲ್ಲೂ ಮೇಲಿನ ಗದ್ದೆಯ ನೀರೇ ಕೆಳಗಿನ ಗದ್ದೆಗೆ. ರಾತ್ರಿ ಟಾರ್ಚ್ ಹಿಡಿದು ಕಂಡಿ ಕಟ್ಟಲಿಕ್ಕೆ, ಬಿಡಲಿಕ್ಕೆ ಅಪ್ಪ ಎದ್ದು ಹೋಗ್ತಿದ್ದದ್ದು ನೆನಪಾಯ್ತು. ನಾನದನ್ನು ಹಳ್ಳಿ ಕೆಲಸ ಅಂತ ಮಾತ್ರ ಅಂದ್ಕೊಂಡಿದ್ದೆ.

ಬೆಳಿಗ್ಗೆ ತಿಂಡಿಗೆ ಕೂತಾಗ ಅಪ್ಪನಿಗೆ ಎಲ್ಲ ಹೇಳಿದೆ. ಕಂಪ್ಯೂಟರ್ ಮಾಡೆಲ್ ಕಥೆ ಕೇಳಿ ಅವರಿಗೇನೂ ಆಶ್ಚರ್ಯ ಆಗಲಿಲ್ಲ. ‘ಅದಕ್ಕೆ ಕಂಪ್ಯೂಟರ್ ಬೇಕಾ’ ಅಂದರು.

ಹಾಗಂತ ಜತಿಲುವಿಹ್‌ನವರು ಸುಖವಾಗಿದ್ದಾರೆ ಅಂತ ನಾನು ಕಥೆ ಕಟ್ಟೋದಿಲ್ಲ. ಡಿಸೆಂಬರಿನಲ್ಲಿ ಬಂದ ಸುದ್ದಿ ಓದಿ ತಲೆ ಕೆಟ್ಟುಹೋಯ್ತು. ಗದ್ದೆ ಜಾಗದಲ್ಲಿ ನಿಯಮ ಮೀರಿ ಕಟ್ಟಿದ್ದೀರಿ ಅಂತ ಅಧಿಕಾರಸ್ಥರು ಅಲ್ಲಿನ ಒಂದು ಡಜನ್‌ಗೂ ಹೆಚ್ಚು ಕಟ್ಟಡಗಳಿಗೆ ಬೀಗ ಜಡಿದರು. ಅದರ ಸಿಟ್ಟಿಗೆ ಊರ ರೈತರೇ ಗದ್ದೆಯಲ್ಲಿ ತಗಡಿನ ಶೀಟುಗಳನ್ನು ನೆಟ್ಟರು. ಫೋಟೋದಲ್ಲಿ ಆ ಹಸಿರಿನ ನಡುವೆ ತಗಡು ಬಿಸಿಲಿಗೆ ಫಳಫಳ ಹೊಳೀತಿತ್ತು. ಪ್ರವಾಸಿಗರಿಗೆ ನೋಟ ಬೇಕಲ್ಲ, ತಗೊಳ್ಳಿ ನೋಟ ಅನ್ನೋ ಹಾಗೆ. ಅವರ ಕೇಳಿಕೆ ಇಷ್ಟೇ: ನೋಡಲಿಕ್ಕೆ ಬರೋರಿಂದ ನಾವೂ ನಾಲ್ಕು ಕಾಸು ನೋಡಬಾರದಾ, ನಮ್ಮ ಗದ್ದೆಯಲ್ಲಿ ಒಂದು ಚಿಕ್ಕ ಹೋಟೆಲ್ ಇಡಬಾರದಾ? ಇಡಬಾರದು ಅನ್ನೋದಕ್ಕೆ ಟಿಕೆಟ್ ಕೊಟ್ಟು ಎರಡು ಗಂಟೆ ನಿಂತು ಬಂದ ನಾನು ಯಾರು? ಎಲ್ಲರೂ ಇಟ್ಟರೆ ಏನಾಗ್ತದೆ ಅನ್ನೋದನ್ನು ಚಂಗುವಿನಲ್ಲಿ ನೋಡಿಯೂ ಬಂದಿದ್ದೆ. ಎರಡೂ ಸತ್ಯ. ಆ ಫೋಟೋವನ್ನು ಅಪ್ಪನಿಗೆ ಕಳಿಸಿದೆ. ‘ಪಾಪ’ ಅಂತ ಮಾತ್ರ ವಾಯ್ಸ್ ಮೆಸೇಜು ಬಂತು.

ಸಂಕ್ರಾಂತಿಗೆ ಊರಿಗೆ ಹೋದಾಗ ಕೊನೆಗೂ ನನ್ನ ಡ್ರಾಯಿಂಗ್ ತೆಗೆದು ಅಪ್ಪನ ಮುಂದಿಟ್ಟೆ. ಬೈತಾರೆ ಅಂದ್ಕೊಂಡಿದ್ದೆ. ಬೈಯಲಿಲ್ಲ. ಅವರಿಗೂ 68 ಆಯ್ತು, ಮಂಡಿ ನೋವು, ನೆಟ್ಟಿಗೆ ಆಳು ಸಿಗೋದಿಲ್ಲ. ಕನ್ನಡಕ ಹಾಕ್ಕೊಂಡು ಹಾಳೆಯನ್ನು ಆಚೀಚೆ ತಿರುಗಿಸಿ ತುಂಬ ಹೊತ್ತು ನೋಡಿದರು. ಈಜುಕೊಳ ಯಾವುದು, ಕಾರು ನಿಲ್ಲಿಸೋದೆಲ್ಲಿ ಅಂತ ಕೇಳಿದರು. ಇಷ್ಟು ಬಂದರೆ ಬ್ಯಾಂಕಿಗೆ ಎಷ್ಟು ಅಂತ ಲೆಕ್ಕವನ್ನೂ ಕೇಳಿದರು. ಆಮೇಲೆ ಬೆರಳಿಟ್ಟು ಹೇಳಿದರು: ‘ಕೆಳಗಿನ ಎರಡು ಮನೆಯವರಿಗೆ ನೀರು ಇದರಲ್ಲಿ ಎಲ್ಲಿಂದ ಹೋಗ್ತದೆ, ತೋರಿಸು’.

ಅದು ಹಾಳೆಯಲ್ಲಿ ಇರಲೇ ಇಲ್ಲ. ಈಗಿನ ಕಾಲುವೆ ಸರಿಯಾಗಿ ಮೂರನೇ ಕಾಟೇಜಿನ ಅಡಿಯಲ್ಲಿ ಹಾದು ಹೋಗ್ತದೆ. ಆರ್ಕಿಟೆಕ್ಟಿಗೆ ಅಲ್ಲಿಂದಲೇ ಫೋಟೋ ತೆಗೆದು ವಾಟ್ಸಾಪ್ ಮಾಡಿದೆ. ಐದು ನಿಮಿಷದಲ್ಲಿ ಉತ್ತರ ಬಂತು: ‘ಆರು ಇಂಚಿನ ಪೈಪ್ ಹಾಕಿದ್ರಾಯ್ತು ಸರ್, ನೋ ಇಶ್ಯೂ’. ಅದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, ‘ಆ ಪೈಪಿನ ಒಳಗೆ ಎಲೆ ಕಟ್ಟಿಕೊಂಡರೆ ರಾತ್ರಿ ಎದ್ದು ತೆಗೆಯೋರು ಯಾರು, ಅದನ್ನೂ ಕೇಳು’ ಅಂದು ದನಕ್ಕೆ ಹುಲ್ಲು ಹಾಕಲಿಕ್ಕೆ ಹೋದರು.

ಆರ್ಕಿಟೆಕ್ಟಿಗೆ ನಾನಿನ್ನೂ ಉತ್ತರ ಬರೆದಿಲ್ಲ.