ಮೆಲ್ಲಗೆ ಹಾಡಿದ ಟ್ಯಾಂಗೊ

ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ಭಾನುವಾರ ಬಂತೆಂದರೆ ಸ್ಯಾನ್ ಟೆಲ್ಮೊ ಬಡಾವಣೆಯಲ್ಲಿ ಸಂತೆ. ಕಲ್ಲು ಹಾಸಿದ ಡಿಫೆನ್ಸಾ ಬೀದಿಯುದ್ದಕ್ಕೂ ಹಳೆಯ ಗಡಿಯಾರ, ಬಣ್ಣದ ಸೋಡಾ ಬಾಟಲಿ, ಗ್ರಾಮಫೋನ್ ತಟ್ಟೆಗಳು. ಡೊರ್ರೆಗೊ ಚೌಕದಲ್ಲಿ ಜೋಡಿಗಳು ಟ್ಯಾಂಗೊ ಕುಣಿಯುತ್ತಿದ್ದವು. ನಾನೂ ಜನರ ನಡುವೆ ತೂರಿಕೊಂಡು ನಿಂತೆ.

ಟ್ಯಾಂಗೊ ಹುಟ್ಟಿದ್ದು 19ನೇ ಶತಮಾನದ ಕೊನೆಯಲ್ಲಿ, ಪ್ಲಾಟಾ ನದಿಯ ಆಚೀಚೆ ಇರುವ ಬ್ಯೂನಸ್ ಐರಿಸ್ ಮತ್ತು ಮಾಂಟೆವಿಡಿಯೊ ನಗರಗಳ ಬಡವರ ಕೇರಿಗಳಲ್ಲಿ. ಅದರ ಮುಖ್ಯ ವಾದ್ಯ ಬ್ಯಾಂಡೋನಿಯನ್. ನಮ್ಮ ಹಾರ್ಮೋನಿಯಂನಂತೆ ಅದಕ್ಕೂ ತಿದಿಯೇ ಉಸಿರು. ತೊಡೆಯ ಮೇಲಿಟ್ಟುಕೊಂಡು ನುಡಿಸುತ್ತಾರೆ. ಟ್ಯಾಂಗೊದ ಪೆಟ್ಟುಗಳು ಗಟ್ಟಿ. ನಡೆಯುತ್ತಾ ನಡೆಯುತ್ತಾ ತಟ್ಟನೆ ನಿಲ್ಲುತ್ತದೆ, ಬಿಕ್ಕುತ್ತದೆ, ಮತ್ತೆ ಹೊರಡುತ್ತದೆ.

ಚೌಕ ದಾಟಿ ಮುಂದೆ ಹೋದರೆ, ಬಾಗಿಲೊಂದರ ಮೆಟ್ಟಿಲ ಮೇಲೆ ಗಿಟಾರ್ ಹಿಡಿದ ಹುಡುಗಿ. ಅವಳು ಹಾಡುತ್ತಿದ್ದುದು ಕಾರ್ಲೋಸ್ ಗಾರ್ಡೆಲ್ ರಾಗ ಹಾಕಿ ಹಾಡಿದ ‘ವೊಲ್ವೆರ್’. ಹಾಗೆಂದರೆ ‘ಮರಳುವುದು’. ಬಹಳ ವರ್ಷಗಳ ಮೇಲೆ ಊರಿಗೆ ಹಿಂದಿರುಗುವವನ ಹಾಡು. ಆದರೆ ನಡಿಗೆ ಟ್ಯಾಂಗೊದ್ದಲ್ಲ, ಬೋಸಾ ನೋವಾದ್ದು!

ಬೋಸಾ ನೋವಾ ನೆರೆಯ ಬ್ರೆಜಿಲ್‌ನ ರಿಯೊ ನಗರದ್ದು. 1958ರಲ್ಲಿ ಟಾಮ್ ಜೋಬಿಮ್ ರಾಗ ಹಾಕಿ, ಕವಿ ವಿನೀಸಿಯಸ್ ಬರೆದ ಹಾಡೊಂದನ್ನು ಜುವಾವ್ ಜಿಲ್ಬೆರ್ಟೊ ಹಾಡಿದಾಗ ಅದು ಮನೆಮಾತಾಯಿತು. ಹೆಬ್ಬೆರಳು ತಂತಿಯ ಮೇಲೆ ಸಮನಾಗಿ ಪೆಟ್ಟು ಕೊಡುತ್ತದೆ. ಉಳಿದ ಬೆರಳುಗಳು ಪೆಟ್ಟಿನ ನಡುವಿನ ಜಾಗದಲ್ಲಿ ತುಂಟತನ ಮಾಡುತ್ತವೆ. ದನಿಯಂತೂ ಪಕ್ಕದಲ್ಲಿ ಕೂತವರೊಡನೆ ಮಾತಾಡಿದಷ್ಟೇ ಮೆತ್ತಗೆ. 1970ರಲ್ಲಿ ಅದೇ ವಿನೀಸಿಯಸ್ ಬ್ಯೂನಸ್ ಐರಿಸ್‌ಗೇ ಬಂದು ಹಾಡುಗಳನ್ನು ಧ್ವನಿಮುದ್ರಿಸಿದ್ದರು. ನಂಟು ಹಳೆಯದೇ.

ನನ್ನ ಪಕ್ಕದಲ್ಲಿ ಒಬ್ಬ ಅಜ್ಜ, ಜೊತೆಗೆ ಹತ್ತು ವರ್ಷದ ಮೊಮ್ಮಗ. ಅಜ್ಜ ತಲೆಯಾಡಿಸಿದರು: “ಇದರಲ್ಲಿ ಅಳು ಎಲ್ಲಿದೆ? ಗಾರ್ಡೆಲ್ ಹಾಡಿದರೆ ಎದೆ ಬಿರಿಯುತ್ತಿತ್ತು.” ನನಗೆ ಬರುವ ಅಲ್ಪಸ್ವಲ್ಪ ಸ್ಪ್ಯಾನಿಷ್‌ಗೂ ಅಷ್ಟು ಅರ್ಥವಾಯಿತು. ಹುಡುಗ ಮೆಲ್ಲಗೆ ಹೇಳಿದ: “ತಾತಾ, ನನಗೆ ಮಾತುಗಳು ಇವತ್ತೇ ಕೇಳಿಸಿದ್ದು. ಅವನು ಮನೆಗೆ ಬರೋಕೆ ಹೆದರ್ತಾನೆ, ಅಲ್ವಾ?”

ಅಜ್ಜ ಸುಮ್ಮನಾದರು.

ಅವರ ಮಾತೂ ಸುಳ್ಳಲ್ಲ. ಆ ತಟ್ಟನೆ ನಿಲ್ಲುವಿಕೆ, ಬ್ಯಾಂಡೋನಿಯನ್‌ನ ನಿಟ್ಟುಸಿರು ಇಲ್ಲಿ ಇರಲಿಲ್ಲ. ಆದರೆ ಗಾರ್ಡೆಲ್ ತಾನೇ ಮಾಡಿದ್ದೇನು? ಮೊದಲು ಟ್ಯಾಂಗೊ ಹೆಚ್ಚಾಗಿ ಕಾಲಿನ ಸಂಗೀತವಾಗಿತ್ತು. 1917ರಲ್ಲಿ ನೊಂದವನೊಬ್ಬನ ಕಥೆಯನ್ನು ಹಾಡಿ, ಅದನ್ನು ಗಂಟಲಿಗೆ ತಂದವರೇ ಅವರು. ಇಂದಿನ ಹಳತು ಅಂದಿನ ಹೊಸತು. ನಡಿಗೆ ಬದಲಾದರೂ ರಾಗ, ಮಾತು ಉಳಿದರೆ ಹಾಡು ಇನ್ನೊಂದು ತಲೆಮಾರಿನ ಕಿವಿ ಸೇರುತ್ತದೆ.

1935ರ ಜೂನ್ 24ರಂದು ಕೊಲಂಬಿಯಾದ ಮೆಡೆಲಿನ್‌ನಲ್ಲಿ ವಿಮಾನ ಅಪಘಾತದಲ್ಲಿ ಗಾರ್ಡೆಲ್ ತೀರಿಕೊಂಡರು. ‘ವೊಲ್ವೆರ್’ ಬರೆದ ಅಲ್ಫ್ರೆಡೊ ಲೆ ಪೆರಾ ಕೂಡ ಅದೇ ವಿಮಾನದಲ್ಲಿದ್ದರು. ಆದರೂ ಈ ಊರಿನವರ ಬಾಯಲ್ಲಿ ಒಂದು ಮಾತು ಇಂದಿಗೂ ಓಡಾಡುತ್ತದೆ: ಗಾರ್ಡೆಲ್ ದಿನದಿಂದ ದಿನಕ್ಕೆ ಇನ್ನೂ ಚೆನ್ನಾಗಿ ಹಾಡುತ್ತಾನೆ!